ತಮ್ಮನ ತೋಟದ ನೊಣ

ಅಪ್ಪನ ನಿಂಬೆ ತೋಟ ಭಾಗವಾದಾಗ ಬದುವಿನ ಮೂಡಣ ಪಾಲು ನನಗೆ ಬಂತು, ಪಡುವಣದ್ದು ತಮ್ಮನಿಗೆ. ತೋಟ ಇರುವುದು ಬೂಕನಕೆರೆ ಹತ್ತಿರ. ನಾನು ಪತ್ರಿಕೆಯ ವರದಿಗಾರ, ಕೆ.ಆರ್. ಪೇಟೆಯಲ್ಲಿ ವಾಸ. ಭಾನುವಾರ ಮಾತ್ರ ಅತ್ತ ಹೋಗುತ್ತಿದ್ದೆ.

ಎರಡು ವರ್ಷದ ಹಿಂದೆ ಎರಡೂ ಪಾಲಿಗೆ ಶಲ್ಕ ಕೀಟ ಹತ್ತಿತು. ಹತ್ತಿಯ ಉಂಡೆಯಂತೆ ಕಡ್ಡಿಗೆ ಅಂಟಿ ರಸ ಹೀರುವ ಹುಳು. ಅದರ ಜೊತೆಗೇ ಎಳ್ಳಿಗಿಂತ ಚಿಕ್ಕ, ನೀಲಿಗಪ್ಪು ನೊಣಗಳೂ ಬಂದವು. ಗಿಡದ ಬಳಿ ನಿಂತರೆ ಕಣ್ಣಿಗೇ ಮುತ್ತುತ್ತಿದ್ದವು. ರೋಗ ತಂದದ್ದು ಅವೇ ಎಂದು ನಿರ್ಧರಿಸಿ ಮೂರು ಸಲ ಔಷಧಿ ಹೊಡೆಸಿದೆ. ನೊಣ ಸತ್ತವು. ಮೇಣದ ಹೊದಿಕೆಯೊಳಗಿನ ಹುಳು ಸಾಯಲಿಲ್ಲ.

ತಮ್ಮ ಏನೂ ಹೊಡೆಯಲಿಲ್ಲ. ಸೋಮಾರಿ ಎಂದು ಸಿಕ್ಕವರಿಗೆಲ್ಲ ಹೇಳಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅವನ ಗಿಡ ಹಸಿರಾದವು, ನನ್ನವು ಮಸಿ ಹಿಡಿದು ಎಲೆ ಉದುರಿಸಿದವು. ತೋಟಗಾರಿಕೆ ಅಧಿಕಾರಿ ಬಂದು ಭೂತಗನ್ನಡಿಯಲ್ಲಿ ತೋರಿಸಿದರು: ನೊಣ ಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಅದನ್ನು ಒಳಗಿನಿಂದಲೇ ತಿನ್ನುತ್ತದೆ. ತಮ್ಮನ ಬೆನ್ನು ತಟ್ಟಿದರು. ನನಗೆ ಹೊಟ್ಟೆ ಉರಿಯಿತು.

ಸುದ್ದಿ ಬಿಡುವಂತಿರಲಿಲ್ಲ. ಊರು, ಕೀಟ, ನೊಣ, ಅಧಿಕಾರಿಯ ಹೆಸರು ಎಲ್ಲ ಬರೆದೆ. ತಮ್ಮನ ಹೆಸರಿನ ಜಾಗದಲ್ಲಿ ‘ಸ್ಥಳೀಯ ಬೆಳೆಗಾರರೊಬ್ಬರು’ ಎಂದು ಹಾಕಿದೆ. ಬೇರೆ ಯಾವ ವರದಿಯಲ್ಲೂ ಹೀಗೆ ಮಾಡಿದವನಲ್ಲ.

ಮುಂದಿನ ಭಾನುವಾರ ಅವನ ಬಾಗಿಲಿಗೇ ಹೋಗಬೇಕಾಯಿತು. ನೊಣ ತಾವಾಗಿ ಬದು ದಾಟಿ ಹೆಚ್ಚುವಷ್ಟರಲ್ಲಿ ನನ್ನ ಗಿಡ ಒಣಗಿರುತ್ತಿದ್ದವು. ನೊಣದ ಮರಿ ಹೊತ್ತ ಹುಳು ಅವನ ಕೆಲವು ಕಡ್ಡಿಗಳಲ್ಲಿ ಇನ್ನೂ ಉಳಿದಿದ್ದವು. ಅವನ್ನು ಕತ್ತರಿಸಿ ನನ್ನ ಗಿಡಗಳಿಗೆ ಕಟ್ಟುವುದೊಂದೇ ದಾರಿ ಎಂದು ಅಧಿಕಾರಿ ಹೇಳಿದ್ದರು.

“ಯಾರಣ್ಣ ಅದು, ಸ್ಥಳೀಯ ಬೆಳೆಗಾರ?” ಎಂದ ತಮ್ಮ.

“ಆಪೀಸ್ನೋರು ಕತ್ರಿ ಆಕ್ಬುಟ್ರು ಕಣ್ಲಾ,” ಎಂದು ಸುಳ್ಳು ಹೇಳಿದೆ.

“ಅಂಗಾ! ಆಪೀಸರ್ ಎಸ್ರು ಮಾತ್ರ ಕತ್ರಿಗೆ ಸಿಕ್ನಿಲ್ಲ ಅನ್ನು.”

ಒಳಗಿನಿಂದ ಅವನ ಹೆಂಡತಿ ಕೂಗಿದಳು: “ಕೊಟ್ಬುಡಿ ಅತ್ಲಾಗೆ, ಬಾವನ ಮೊಕ ನೋಡಕಾಗ್ತಿಲ್ಲ.”

ಅವನೇ ಕಡ್ಡಿ ಕತ್ತರಿಸಿದ, ಅವನೇ ಬಾಳೆನಾರಿನಲ್ಲಿ ಕಟ್ಟಿದ. “ಇನ್ನೇನಾದ್ರೂ ಔಸ್ದಿ ಹೊಡುಸ್ದೆ ಅಂದ್ರೆ ನೋಡು ಮತ್ತೆ,” ಎಂದ.

ಗಿಡ ಉಳಿದವು, ಈ ವರ್ಷ ಕಾಯಿ ಹಿಡಿದಿವೆ. ನೋಡಿದವರು ತಮ್ಮನ ಕೈಗುಣ ಎನ್ನುತ್ತಾರೆ. ಕೈಗುಣವಲ್ಲ, ನೊಣ ಎಂದು ನಾನು ಪ್ರತಿ ಸಲವೂ ತಿದ್ದುತ್ತೇನೆ.