ಮನೆ ಕೊಯ್ಯುವ ಗರಗಸದಕ್ಕ

ಗಾಳಿ ದಿಕ್ಕು ಬದಲಿಸುವ ತಿಂಗಳು. ನಿನ್ನೆಯವರೆಗೆ ನೀರಿನ ಕಡೆ ಹೋಗುತ್ತಿದ್ದ ಒಲೆಯ ಹೊಗೆ ಇವತ್ತು ಪಕ್ಕದ ಕೋಣೆಗೆ ನುಗ್ಗುತ್ತದೆ. ಸರೋವರದ ಮೇಲೆ ತೇಲುವ ಮೂವತ್ತೆಂಟು ಮನೆಗಳಲ್ಲಿ ಜಗಳಕ್ಕೆ ಇದೇ ಸುಗ್ಗಿ. ಮಂಜು ಇನ್ನೂ ನೀರು ಬಿಟ್ಟು ಎದ್ದಿಲ್ಲ. ಗರಗಸದಕ್ಕ ಆಗಲೇ ಹೊಗೆಗೆ ಕಿತ್ತಾಡಿದ ಅಣ್ಣತಮ್ಮಂದಿರಿಬ್ಬರ ಅಂಗಳದ ತುದಿಯಲ್ಲಿ ಮೊಣಕಾಲೂರಿ, ಆರಡಿ ಉದ್ದದ ಗರಗಸವನ್ನು ಮಬ್ಬಿನಲ್ಲೇ ನೆಲಕ್ಕೆ ಇಡುತ್ತಿದ್ದಾರೆ.

ಇಲ್ಲಿ ನೆಲವೆಂದರೆ ಮಣ್ಣಲ್ಲ, ಜೊಂಡು. ಕೆಳಗೆ ಬೇರಿನ ಹೆಂಟೆ, ಅದರ ಮೇಲೆ ಕೊಯ್ದು ತಂದ ಜೊಂಡುಹುಲ್ಲಿನ ಪದರ, ಅದರ ಮೇಲೆ ಮನೆ, ಒಲೆ, ಕೋಳಿ, ಸಂಸಾರ. ಹದಿನೈದು ದಿನಕ್ಕೊಮ್ಮೆ ಹೊಸ ಪದರ ಹಾಸದಿದ್ದರೆ ಮನೆ ಕಾಲಡಿಯಲ್ಲೇ ಕೊಳೆಯುತ್ತದೆ. ಒಡಹುಟ್ಟಿದವರು ಬೇರೆಯಾಗಬೇಕೆಂದರೆ ನಡುವೆ ಗೋಡೆ ಎಬ್ಬಿಸಿ ಪ್ರಯೋಜನವಿಲ್ಲ. ಗರಗಸದಕ್ಕನನ್ನು ಕರೆಸಿ ಮನೆಯನ್ನೇ ಎರಡಾಗಿ ಕೊಯ್ಯಿಸಬೇಕು. ಒಮ್ಮೆ ಇಟ್ಟ ಗರಗಸವನ್ನು ಮನೆಯವರು ‘ಸಾಕು’ ಎನ್ನದೆ ನಡುವೆ ನಿಲ್ಲಿಸುವ ಹಾಗಿಲ್ಲ.

ಐವತ್ತೆಂಟರ ಈ ಹೆಂಗಸಿಗೆ ಅತ್ತೆಯ ಕೈಯಿಂದ ಗರಗಸ ಬಂದು ಮೂವತ್ತೊಂದು ವರ್ಷ. ಕೊಯ್ಯಲು ಕರೆ ಬಂದದ್ದು ಇನ್ನೂರ ಹದಿನಾಲ್ಕು ಸಲ, ಗರಗಸ ಆಚೆ ತುದಿ ಮುಟ್ಟಿದ್ದು ಒಂಬತ್ತೇ ಸಲ. ತಣ್ಣೀರಲ್ಲಿ ನೆನೆದು ನೆನೆದು ಬೆರಳ ಗೆಣ್ಣುಗಳು ಶುಂಠಿಯಂತೆ ಊದಿವೆ. “ಒಂದು ಮನೆಗೆ ಎರಡು ದಿನ ಎಳೀಬೇಕು. ಆಮೇಲೆ ವಾರ ಪೂರ್ತಿ ಈ ಕೈ ಲೋಟಾನೂ ಹಿಡಿಯಲ್ಲ” ಎನ್ನುತ್ತಾರೆ, ದೂರಿನ ದನಿಯೇ ಇಲ್ಲದೆ.

ಅಷ್ಟು ಹೊತ್ತು ಹಿಡಿಯುವುದಕ್ಕೆ ಕಾರಣ, ಆ ಗರಗಸಕ್ಕೆ ಈ ಮೂವತ್ತೊಂದು ವರ್ಷದಲ್ಲಿ ಹರಿತ ಮಾಡುವ ಅರ ಒಮ್ಮೆಯೂ ತಾಗಿಲ್ಲ. “ನಮ್ಮತ್ತೆ ಹೇಳಿಕೊಟ್ಟಿದ್ದು ಒಂದೇ ಮಾತು, ಗರಗಸ ಮೊಂಡಾಗಿರಬೇಕು ಅಂತ. ಮೊದಲ್ನೇ ದಿನ ಇಬ್ರೂ ಬೈಕೋತಾರೆ. ಸಾಯಂಕಾಲಕ್ಕೆ ಬೈಗುಳ ಖಾಲಿ. ಎರಡ್ನೇ ದಿನ ಹೊಟ್ಟೆ ಹಸಿಯುತ್ತೆ, ಪಾತ್ರೆ ಒಂದ್ ಕಡೆ, ಒಲೆ ಒಂದ್ ಕಡೆ. ಆಗ ಯಾರೋ ಒಬ್ರು ‘ಸಾಕು ಬಿಡಕ್ಕ’ ಅಂತಾರೆ. ಅದಕ್ಕೇ ನಾನು ಕಾಯ್ತಿರೋದು.”

ಇದು ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಕರೆಸುವುದು ಇಲ್ಲಿಯ ಮರ್ಯಾದೆ. ನಿಜಕ್ಕೂ ಗೊತ್ತಿಲ್ಲದವರು ಐವರೇ: ಸರೋವರ ನೋಡಲು ಬಂದು ಅಕ್ಕನ ಮನೆಯಲ್ಲೇ ಇಳಿದುಕೊಂಡಿರುವ ಗೆಳೆಯರು. ಅವರಲ್ಲೊಬ್ಬನದು ಹಾರ್ಡ್‌ವೇರ್ ಅಂಗಡಿ. ನಿನ್ನೆ ಸಂಜೆ ಅಕ್ಕ ಬಲೆ ಎತ್ತಲು ಹೋಗಿದ್ದಾಗ ಗೋಡೆಗೆ ಒರಗಿದ್ದ ಗರಗಸ ಅವನ ಕಣ್ಣಿಗೆ ಬಿದ್ದಿದೆ. “ಪಾಪ ಕಣ್ರೋ, ಈ ವಯಸ್ಸಲ್ಲಿ ಇಂಥದ್ರಲ್ಲಿ ಕೊಯ್ತಾರಲ್ಲ” ಎಂದು ಮರುಗಿ, ಚೀಲದಿಂದ ಅರ ತೆಗೆದು, ಹಲ್ಲುಹಲ್ಲೂ ತೀಡಿಟ್ಟಿದ್ದಾನೆ. ಉಳಿದ ನಾಲ್ವರು ಗರಗಸ ಅಲುಗದಂತೆ ಹಿಡಿದು ಪುಣ್ಯದಲ್ಲಿ ಪಾಲು ಪಡೆದಿದ್ದಾರೆ. ಅಕ್ಕನಿಗೆ ಬೆಳಿಗ್ಗೆ ತಾನಾಗಿ ತಿಳಿದು ಖುಷಿಯಾಗಲಿ ಎಂದು ಯಾರೂ ಬಾಯಿ ಬಿಟ್ಟಿಲ್ಲ.

ಈಗ ಅಣ್ಣತಮ್ಮಂದಿರ ತಾಯಿ, ಎಂಬತ್ತರ ಮುದುಕಿ, ಕೊಯ್ಯುವ ಗೆರೆಯ ಮೇಲೆಯೇ ಮಂಚ ಹಾಕಿಸಿಕೊಂಡು ಗಂಜಿ ಕುಡಿಯುತ್ತಿದ್ದಾಳೆ. ಗರಗಸ ಮಂಚದ ಹತ್ತಿರ ಬರುವುದು ನಾಳೆ ಮಧ್ಯಾಹ್ನಕ್ಕೆ, ಅಳುವುದನ್ನು ಅಲ್ಲಿಯವರೆಗೆ ಕೂಡಿಟ್ಟುಕೊಂಡರಾಯಿತು ಎಂದು ಅವಳ ಲೆಕ್ಕ.

ಅಕ್ಕ ಒಮ್ಮೆ ಎಳೆಯುತ್ತಾರೆ. ಗರಗಸ ಬೆಣ್ಣೆಗೆ ಇಳಿದ ಹಾಗೆ ಒಂದು ಮೊಳ ಇಳಿಯುತ್ತದೆ. ಅಕ್ಕ ಬಗ್ಗಿ ಹಲ್ಲಿಗೆ ಬೆರಳು ತಾಗಿಸಿ ನೋಡುತ್ತಾರೆ.

“ಹೇಗಿದೆ ಅಕ್ಕಾ? ನಾವೇ ಹರಿತ ಮಾಡಿದ್ದು!” ಐವರೂ ಕೂತಿದ್ದ ಬಾಡಿಗೆ ದೋಣಿಯಿಂದ ಹಾರ್ಡ್‌ವೇರಿನವನು ಕೂಗುತ್ತಾನೆ.

“ನಿನ್ನ ಕೈಗಿಷ್ಟು ಕಡಿವಾಣ ಬೀಳ! ನನ್ನ ಮೂವತ್ತು ವರ್ಷದ ಮೊಂಡು ಕಣೋ ಅದು!”

ಎಷ್ಟು ಮೆಲ್ಲಗೆ ಎಳೆದರೂ ಗರಗಸ ತಾನೇ ಓಡುತ್ತದೆ. ಅಣ್ಣ ಗಾಬರಿಯಾಗುತ್ತಾನೆ. “ಇದೇನಕ್ಕಾ ಇಷ್ಟು ಬೇಗ? ನಾನಿನ್ನೂ ಬಯ್ಯೋಕೇ ಶುರು ಮಾಡಿಲ್ಲ!”

“ಹಾಗಾದ್ರೆ ‘ಸಾಕು’ ಅಂದ್ಬಿಡು.”

“ಅವನು ಹೇಳ್ಲಿ ಮೊದ್ಲು.”

“ದೊಡ್ಡೋನು ಅವನು, ಅವನೇ ಹೇಳ್ಲಿ” ಎನ್ನುತ್ತಾನೆ ತಮ್ಮ.

ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿರುವಾಗಲೇ ಗರಗಸ ಮಂಚದ ಕಾಲಿಗೆ ಬರುತ್ತದೆ. “ನಿಲ್ಲೇ! ಗಂಜಿಯಾದ್ರೂ ಮುಗೀಲಿ!” ಎಂದು ಮುದುಕಿ ಬಟ್ಟಲು ಸಮೇತ ಏಳುತ್ತಾಳೆ. ಅತ್ತ ನೋಡುತ್ತಾಳೆ, ಇತ್ತ ನೋಡುತ್ತಾಳೆ. ಯಾವ ಕಡೆ ಕಾಲಿಟ್ಟರೂ ಇನ್ನೊಬ್ಬ ಸಾಯುವವರೆಗೆ ಆಡಿಕೊಳ್ಳುತ್ತಾನೆ. ಕೊನೆಗೆ ಅಂಗಳದ ತುದಿಗೆ ನಡೆದು ಅಲ್ಲಿ ನಿಲ್ಲಿಸಿದ್ದ ಅಕ್ಕನ ಖಾಲಿ ದೋಣಿಯೊಳಗೆ ಕೂತುಬಿಡುತ್ತಾಳೆ. ಅಷ್ಟರಲ್ಲಿ ಮನೆ ಎರಡಾಗುತ್ತದೆ, ನಡುವೆ ನೀರು ಬಾಯಿ ಬಿಡುತ್ತದೆ, ದೋಣಿ ಆ ಸಂದಿನೊಳಕ್ಕೆ ತೇಲುತ್ತದೆ.

“ನಂಗ್ಯಾರೂ ಬೇಡ, ಇನ್ಮೇಲೆ ಇಲ್ಲೇ ಇರ್ತೀನಿ” ಎನ್ನುತ್ತಾಳೆ ಮುದುಕಿ. “ಈ ಗಂಜಿಗೆ ಉಪ್ಪಿಲ್ಲ.”

ಹಿರಿಸೊಸೆ ಉಪ್ಪು ಹಿಡಿದು ಓಡಿಬರುತ್ತಾಳೆ, ಕಿರಿಸೊಸೆ ಕಂಬಳಿ ಹಿಡಿದು. ಇಬ್ಬರ ಕೈಗೂ ದೋಣಿ ಎಟುಕುವುದಿಲ್ಲ. ಅಣ್ಣ ಬೋರಲು ಮಲಗಿ ದೋಣಿಯ ಒಂದು ಅಂಚು ಹಿಡಿಯುತ್ತಾನೆ. ಅದು ವಾಲುವುದನ್ನು ಕಂಡು ತಮ್ಮ ಆಚೆ ಮಲಗಿ ಇನ್ನೊಂದು ಅಂಚು ಹಿಡಿಯುತ್ತಾನೆ.

“ಬಿಡಬೇಡ್ವೋ, ಅವ್ವ ಬೀಳ್ತಾಳೆ!”

“ನಾನು ಹಿಡ್ದಿದೀನಿ. ನೀನು ಬಿಡಬೇಡಣ್ಣ!”

ಮುದುಕಿ ಅವಸರಪಡುವುದಿಲ್ಲ. ಉಪ್ಪು ಹಾಕಿಸಿಕೊಂಡು, ಕಂಬಳಿ ಹೊದ್ದು, ಗುಟುಕುಗುಟುಕಾಗಿ ಗಂಜಿ ಕುಡಿಯುತ್ತಾಳೆ. ತೋಳು ಸೋತ ಅಣ್ಣತಮ್ಮಂದಿರು ನೀರಿಗೆ ಮುಖ ಮಾಡಿಕೊಂಡೇ ಹೊಗೆ ಪಕ್ಕದ ಕೋಣೆಗೆ ನುಗ್ಗದಂತೆ ಒಲೆಯನ್ನು ಆಚೆ ಮೂಲೆಗೆ ಸರಿಸುವ ಮಾತಿಗೆ ಬರುತ್ತಾರೆ. ಅಕ್ಕ ಏನೂ ಕೇಳಿಸದವರಂತೆ ಹಗ್ಗ ಹುಡುಕುತ್ತಾರೆ.

ಎರಡು ತುಂಡನ್ನೂ ಎಳೆದು ಬಿಗಿದು, ಸಂದಿಗೆ ಹೊಸ ಜೊಂಡು ತುಂಬುವಷ್ಟರಲ್ಲಿ ಹೊತ್ತು ಇಳಿದಿದೆ. ಹಗ್ಗ ಎಳೆದ ಐವರು ಗೆಳೆಯರ ಅಂಗೈಯಲ್ಲಿ ಬೊಬ್ಬೆ. ಕೊಯ್ದ ಹತ್ತನೆಯ ಮನೆ ಇದು. ಕೊಯ್ದ ದಿನವೇ ಕೂಡಿದ್ದು ಇದೊಂದೇ. ಹೊಲಿದದ್ದಕ್ಕೆ ಅಕ್ಕ ಏನೂ ಮುಟ್ಟುವುದಿಲ್ಲ, ಕೊಯ್ದದ್ದಕ್ಕೆ ಮಾತ್ರ ಎರಡು ಬುಟ್ಟಿ ಒಣಮೀನು ಕೂಲಿ. ಅಣ್ಣತಮ್ಮಂದಿರು ತಲೆಗೊಂದು ಬುಟ್ಟಿ ಹೊತ್ತು ತರುತ್ತಾರೆ. ಅಕ್ಕ ಎರಡನ್ನೂ ಹಿಂದಕ್ಕೆ ತಳ್ಳುತ್ತಾರೆ.

“ಬಾಕಿ ಇರಲಿ.”

“ಸಾಲ ಇಟ್ಕೊಳ್ಳೋದು ಚೆನ್ನಾಗಿರಲ್ಲಕ್ಕ.”

“ಹಳೇ ಕೂಲಿ ತೀರಿಸದೆ ನನ್ನನ್ನ ಮತ್ತೆ ಕೊಯ್ಯೋಕೆ ಕರೆಯೋ ಹಾಗಿಲ್ಲ ಅಲ್ವಾ?” ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾರೆ. “ನಾನಿರೋವರೆಗೂ ಇದನ್ನ ಇಸ್ಕೊಳ್ಳಲ್ಲ. ಹೋಗಿ, ಅವ್ವಂಗೆ ಊಟಕ್ಕೆ ಹಾಕಿ.”