ಬರಿದೇ ಮರಳದ ಬಟ್ಟಲು

ಜಗಳವಾಡುವುದರಲ್ಲಿ ಈ ನಿಂಗವ್ವ ಯಾರಿಗೂ ಕಡಿಮೆಯಿಲ್ಲ. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳಾದರೂ ಈ ವಿದ್ಯೆಗೆ ಮಾಸ್ತರು ಬೇಕಾಗಲಿಲ್ಲ. ಜಗಳ ಮುಗಿಸುವುದು ಮಾತ್ರ ಎಪ್ಪತ್ತು ದಾಟಿದರೂ ಬರಲಿಲ್ಲ. ಅದನ್ನು ಮೊನ್ನೆ ಮೊಮ್ಮಗಳು ಶೋಭಾ ಯುನಿವರ್ಸಿಟಿಯಿಂದ ಕಲಿತು ಬಂದಳು.

ಅವಳ ಹಾಸ್ಟೆಲ್ ಕೋಣೆಯಲ್ಲಿ ಮುದ್ದೇಬಿಹಾಳದ ರೇಣುಕಾ ಇದ್ದಾಳೆ. ರೇಣುಕಾಳ ಅವ್ವ ಇವಳಿಗೆಂದೇ ಒಂದು ಡಬ್ಬಿ ಶೇಂಗಾ ಹೋಳಿಗೆ ಕಳಿಸಿದ್ದರು. ಇವಳು ತಿಂದು, ಡಬ್ಬಿಯನ್ನು ಫಳಫಳ ತೊಳೆದು, ಬರಿದೇ ಕೊಟ್ಟಿದ್ದಾಳೆ! ನಮ್ಮ ಕಡೆ ಇನ್ನೊಬ್ಬರ ಪಾತ್ರೆಯನ್ನು ಬರಿದೇ ಮರಳಿಸುವುದಿಲ್ಲ. ಏನಿಲ್ಲವೆಂದರೂ ಚಿಟಿಕೆ ಸಕ್ಕರೆ ಹಾಕುತ್ತೇವೆ. ರೇಣುಕಾ ಮಾತು ಬಿಟ್ಟಳು. ಕೋಣೆ ಬದಲಿಸಿಕೊಡಿ ಎಂದು ಅರ್ಜಿಯನ್ನೂ ಬರೆದಳು.

ಆಗ ಮೇಡಂ ಒಬ್ಬರು ಇಬ್ಬರನ್ನೂ ಎದುರುಬದುರು ಕೂರಿಸಿದರಂತೆ. ನಮ್ಮೂರ ಕಟ್ಟೆಯ ಹಿರಿಯರಾದರೆ ಇಬ್ಬರಿಗೂ ಬೈದು, ಚಹಾ ಕುಡಿದು ಎದ್ದುಹೋಗುತ್ತಿದ್ದರು. ಈ ಮೇಡಂ ತಪ್ಪು ಯಾರದೆಂದು ಕೇಳಲೇ ಇಲ್ಲವಂತೆ.

"ಮತ್ತ ಏನ್ ಮಾಡಿದ್ಲು ಆಕಿ?" ಎಂದೆ.

"ನನ್ನ ಮಾತು ನಾ ಹೇಳೂಹಂಗಿಲ್ಲ ಆಯಿ. ರೇಣುಕಾನ ಮನಸಿನ್ಯಾಗ ಏನೈತಿ ಅಂತ ನಾ ಹೇಳಬೇಕು. ಆಕಿ 'ಹೌದು, ಇದ' ಅನ್ನೂತನಕ ಬಿಡೂದಿಲ್ಲ."

"ಏನಂದಿ?"

"'ನಿಮ್ಮವ್ವನ ಕೈ ಅಡಗಿಗೆ ಕಿಮ್ಮತ್ತ ಇಲ್ಲೇನು ಅಂತ ಅನಿಸಿರಬೇಕು' ಅಂದೆ. ಅತ್ತುಬಿಟ್ಲು. ಹೌದು, ಇದ ಅಂದ್ಲು."

"ಇಷ್ಟಕ್ಕ ಯುನಿವರ್ಸಿಟಿ ಬೇಕಾತೇನು?" ಎಂದು ಮೂಗು ಮುರಿದೆ. ಆದರೆ ಕಣ್ಣು ಗೋಡೆಯ ಮಾಡದಲ್ಲಿದ್ದ ಕಂಚಿನ ಬಟ್ಟಲಿಗೆ ಹೋಯಿತು. ಅದು ಗಂಗವ್ವನದು.

ಗಂಗವ್ವ ಇಲ್ಲೇ ಯಂಕಂಚಿಯಲ್ಲಿ ನನ್ನ ಬಾಜು ಮನೆಯವಳಾಗಿದ್ದಳು. ಎದುರುಬದುರು ಕೂತು ರೊಟ್ಟಿ ಬಡಿದವರು ನಾವು. ಮಗಳ ಮದುವೆಗೆ ಊರಿಗೆಲ್ಲ ಕುಂಕುಮ ಹಚ್ಚಿ ಕರೆದವಳು ನನ್ನ ಹೊಸ್ತಿಲನ್ನು ಮಾತ್ರ ತುಳಿಯಲಿಲ್ಲ. ನಾನು ಹೋಗಲಿಲ್ಲ. ಹನ್ನೆರಡು ವರ್ಷ ಮಾತಿಲ್ಲ. ನಡುವೆ ಅವಳು ಮೋರಟಗಿಗೆ, ಮಗಳ ಊರಿಗೆ ಹೋದಳು. ಜಗಳಕ್ಕೆ ಮೊದಲು ಪಲ್ಯ ಹಾಕಿ ಕೊಟ್ಟಿದ್ದ ಬಟ್ಟಲು ಇಲ್ಲೇ ಉಳಿಯಿತು. ಬರಿದೇ ಕೊಡಲು ಕೈ ಬರಲಿಲ್ಲ, ತುಂಬಿ ಕೊಡಲು ಮನಸ್ಸು ಬರಲಿಲ್ಲ. ಅಂದಿನಿಂದ ನನ್ನ ರೊಟ್ಟಿಯ ಸಪ್ಪಳ ಒಂಟಿಗಾಲಲ್ಲಿ ನಡೆದ ಹಾಗೆ ಕೇಳುತ್ತದೆ.

ಮರುದಿನ ಹಿಟ್ಟು ನಾದುತ್ತ, ಆ ಮೇಡಂ ಹೇಳಿದಂತೆ, ಗಂಗವ್ವನ ಮಾತನ್ನು ನಾನೇ ಆಡಿ ನೋಡಿದೆ. ಎರಡು ಸಲ ಬರೀ ಬೈಗುಳ ಬಂತು. ಮೂರನೆಯ ಸಲ ನನ್ನ ಬಾಯಿಂದಲೇ ಬಂತು: "ಮನ್ಯಾಗಿನಾಕಿನ್ನ ಯಾರರ ಕುಂಕುಮ ಹಚ್ಚಿ ಕರೀತಾರೇನ ನಿಂಗವ್ವಾ?"

ಹಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು.

ಬಟ್ಟಲಿಗೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯನ್ನು ಒತ್ತಿ ತುಂಬಿದ್ದೇನೆ. ನಾಳೆ ಮೊದಲ ಬಸ್ಸಿಗೆ ಹೊರಟಿದ್ದೇನೆ. ಅವಳು ಬಾಗಿಲು ತೆರೆಯುತ್ತಾಳೋ ಮುಚ್ಚುತ್ತಾಳೋ ಗೊತ್ತಿಲ್ಲ.

"ನಮ್ಮ ಆಯಿ ಬರ್ತಾಳ ಅಂತ ಫೋನ್ ಹಚ್ಚಿ ಹೇಳಲೇನು?" ಎಂದಳು ಶೋಭಾ.

"ಬ್ಯಾಡ," ಎಂದೆ. "ಮನ್ಯಾಗಿನಾಕಿ ಹೇಳಿ ಹೋಗ್ತಾಳೇನು?"