ಕರು ಬಿಚ್ಚಿದ ಗಂಟು

ಬೋಳಾರದ ಮೀನುಗಾರರ ಮನೆಯಲ್ಲಿ ಹುಟ್ಟಿಯೂ ದೂಮಪ್ಪನಿಗೆ ದೋಣಿ ಹತ್ತಿದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. "ಉಳಿದವರು ಕಡಲಿಗೆ ಹೋಗುವುದು ಮೀನು ಹಿಡೀಲಿಕ್ಕೆ. ನಾನು ಹೋಗುವುದು ಮೀನಿಗೆ ಊಟ ಹಾಕ್ಲಿಕ್ಕೆ ಮಾರಾಯ!" ಎಂದು ತಾನೇ ನಗುತ್ತಿದ್ದ. ಕಡೆಗೆ ಕಡಲಿಗೆ ಕೈಮುಗಿದು, ಕದ್ರಿ ಗುಡ್ಡದ ಬುಡದಲ್ಲಿ ಒಂದು ಹಸು ಕಟ್ಟಿ ಹಾಲು ಮಾರತೊಡಗಿದ. ದೋಣಿಯಿಂದ ಕಲಿತು ತಂದ ವಿದ್ಯೆ ಒಂದೇ, ಗಂಟು ಹಾಕುವುದು.

ಹಸು ಒಳ್ಳೆಯದೇ. ಕರುಗಳು ಮಾತ್ರ ಹುಟ್ಟಿ ವಾರ ಕಳೆಯುವುದರೊಳಗೆ ಭೇದಿ ಹತ್ತಿ ಸಾಯುತ್ತಿದ್ದವು. ಕರು ಇಲ್ಲದಿದ್ದರೆ ಆ ಹಸು ಹಾಲನ್ನೇ ಇಳಿಸದು. ಈ ಸಲದ್ದೂ ಸತ್ತರೆ ಮತ್ತೆ ದೋಣಿಯೇ ಗತಿ! ದೂಮಪ್ಪ ದೃಷ್ಟಿ ತೆಗೆದ, ದೈವಕ್ಕೆ ಹರಕೆ ಹೇಳಿಕೊಂಡ, ಎದುರು ಮನೆಯವರ ಕಣ್ಣನ್ನು ಬೈದ. ಬೈಯದೆ ಬಿಟ್ಟದ್ದು ತನ್ನ ನಾಲಿಗೆಯನ್ನು ಮಾತ್ರ. ಕರು ಹಾಕಿದ ಮೇಲೆ ಹಸುವಿನ ಮಾಸು ಬೀಳುವ ತನಕ ಕರುವಿಗೆ ಹಾಲು ವಿಷ ಎಂದು ಅವನ ತಾಯಿ ಹೇಳಿಹೋಗಿದ್ದಳು. ಬಿದ್ದ ಮೇಲೆ ಹಿಂಡಿದ್ದೆಲ್ಲ ಬೆಲ್ಲ, ಏಲಕ್ಕಿ ಸೇರಿ ಗಿಣ್ಣಾಗಿ ದೂಮಪ್ಪನ ಬಟ್ಟಲಿಗೆ ಬರುತ್ತಿತ್ತು. ಕರು ಕಾವಲಿಲ್ಲದ ಮೈಯಲ್ಲಿ ಹುಟ್ಟುತ್ತದೆ, ಆ ಕಾವಲನ್ನು ತಾಯಿ ಮೊದಲ ಹಾಲಲ್ಲೇ ಇಟ್ಟಿರುತ್ತಾಳೆ, ಹೊತ್ತು ಮೀರಿದರೆ ಅದು ಮೈಗೆ ಹತ್ತದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಬಾಯಿ ತುಂಬ ಗಿಣ್ಣಿದ್ದವನಿಗೆ ಕಿವಿ ಎಲ್ಲಿಂದ ಬರಬೇಕು?

ಆ ಬೆಳಿಗ್ಗೆ ಹಸು ಕರು ಹಾಕಿತು. ದೂಮಪ್ಪ ಕರುವನ್ನು ಕಂಬಕ್ಕೆ ಕಟ್ಟಿ, ತನ್ನ ದೋಣಿಯ ಗಂಟು ಬಿಗಿದು, ಹೆಂಡತಿ ಅಪ್ಪಿಗೆ ಕಾಯಲು ಹೇಳಿ ದೇವಸ್ಥಾನಕ್ಕೆ ಓಡಿದ. ಪ್ರಸಾದ ಹಿಡಿದು ಬಂದು ನೋಡಿದರೆ, ಅಯ್ಯೋ ದೇವರೇ, ಕರು ತಾಯಿಯ ಕೆಚ್ಚಲಲ್ಲಿ! ಬಾಯಿ ತುಂಬ ನೊರೆ. "ಹೋಯ್ತು, ಇದೂ ಹೋಯ್ತು" ಎಂದು ತಲೆಗೆ ಕೈಹೊತ್ತು ಕೂತ.

ಕರು ಹೋಗಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು, ಮಗಳು ಮೋಹಿನಿಯ ಹಿಂದೆ ಅಂಗಳವಿಡೀ ಕುಣಿಯಿತು. ಹಿಂಡಿ ತರುವ ಉಮರಬ್ಬನೆದುರು ದೂಮಪ್ಪನ ಪ್ರವಚನ ಶುರುವಾಯಿತು: "ಗಾಳಿಮಳೆಗೆ ಬಿಚ್ಚದ ಗಂಟನ್ನು ಆಗಷ್ಟೇ ಹುಟ್ಟಿದ ಕರು ಬಿಚ್ಚಿತು ಮಾರಾಯ್ರೆ! ನಮ್ಮ ಮನೆಯಲ್ಲಿ ಬುದ್ಧಿ ಉಂಟಾದರೆ ಅದಕ್ಕೊಂದಕ್ಕೇ."

ಉಮರಬ್ಬ ಹೋದ ಮೇಲೆ ಅಪ್ಪಿ ಹುಲ್ಲು ಹಾಕುತ್ತಾ ಅಂದಳು, "ಕರು ಬಿಚ್ಚಿದ್ದಲ್ಲ. ನಾನು."

"ನೀನಾ? ಎಂತಕ್ಕೆ?"

"ನಮ್ಮ ಮೊದಲಿನ ಮಗುವಿಗೆ ನನ್ನ ಮೊದಲ ಹಾಲು ಆಗದು ಅಂತ ಅತ್ತೆ ಹಿಂಡಿ ಚೆಲ್ಲಿಸಿದ್ರು. ಅದು ಉಳೀಲಿಲ್ಲ. ಮೋಹಿನಿ ಹುಟ್ಟಿದಾಗ ಸೆರಗಿನಡಿ ಕದ್ದು ಕುಡಿಸಿದೆ. ನಿಮಗೆ ಹೇಳ್ಲಿಲ್ಲ."

ದೂಮಪ್ಪನಿಗೆ ನಗು ಬರಲಿಲ್ಲ. ನೆಲದ ಮೇಲೆ ನಿಂತೇ ದೋಣಿ ಹತ್ತಿದಂತಾಯಿತು. ಅಂಗಳದಲ್ಲಿ ಮೋಹಿನಿ ಕರುವಿನ ಕೊರಳು ತಬ್ಬಿಕೊಂಡಿದ್ದಳು. ಎರಡನ್ನೂ ನೋಡುತ್ತಾ ಅವನು ಕಂಬದ ಹಗ್ಗ ಬಿಚ್ಚಿ ಸುತ್ತಿಟ್ಟ.

ಆಮೇಲೆ ಹುಟ್ಟಿದ ಯಾವ ಕರುವಿಗೂ ಅವನು ಹಗ್ಗ ಹಾಕಲಿಲ್ಲ. ಗಿಣ್ಣು ಕೇಳಿ ಬಂದವರಿಗೆ, "ಕರು ಕುಡಿದು ಉಳಿದರೆ ನಿಮಗೆ, ನಿಮ್ಮದೂ ಮಿಕ್ಕಿದರೆ ಈ ಹೊಟ್ಟೆಬಾಕನಿಗೆ" ಎನ್ನುತ್ತಿದ್ದ. ಗಂಟಿನ ಕತೆಯನ್ನು ಮಾತ್ರ ಸಾಯುವ ತನಕ ಹೇಳಿ ನಗಿಸಿದ. ಅವನ ಕತೆಯಲ್ಲಿ ಯಾವಾಗಲೂ ಕರುವೇ ಗಂಟು ಬಿಚ್ಚುತ್ತಿತ್ತು. ಅಪ್ಪಿಯ ಮಾತನ್ನು ನಾಲ್ಕು ಜನರ ನಗೆಗೆ ಕೊಡಲು ಅವನಿಗೆ ಮನಸ್ಸಾಗಲಿಲ್ಲ.